ಮೇಷ್ಟ್ರು ಇಂಗ್ಲಿಷ್ ಮರೆತ ವರ್ಷ

ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಮೊದಲ ವರ್ಷ ನಾನು ದಿನಕ್ಕೆ ಎಷ್ಟು ಕಡಿಮೆ ಮಾತಾಡುತ್ತಿದ್ದೆ ಅಂತ ಈಗ ಯೋಚಿಸಿದರೆ ಗಾಬರಿಯಾಗುತ್ತದೆ. ಬೆಳಿಗ್ಗೆ ಮಗಳನ್ನು ಚೈಲ್ಡ್‌ಕೇರ್‌ಗೆ ಬಿಡುವಾಗ ಅಲ್ಲಿಯವರಿಗೊಂದು ಗುಡ್ ಮಾರ್ನಿಂಗ್, ಬಸ್ಸಿನಿಂದ ಇಳಿಯುವಾಗ ಡ್ರೈವರ್‌ಗೊಂದು ಥ್ಯಾಂಕ್ಯೂ, ಸಂಜೆ ಮಗಳಿಗೆ ಊಟ ಮಾಡಿಸುವಾಗ ನಾಲ್ಕು ಮಾತು. ಗಂಡ ಇರುತ್ತಿದ್ದದ್ದು ಉತ್ತರದ ಕಬ್ಬಿಣದ ಗಣಿಯಲ್ಲಿ. ವಿಮಾನದಲ್ಲಿ ಹೋಗಿ ಎರಡು ವಾರ ದುಡಿದು, ಒಂದು ವಾರ ಮನೆಗೆ ಬಂದು ನಿದ್ದೆ ಮಾಡುತ್ತಿದ್ದ. ಅವನು ಬಂದಾಗ ಮನೆಯೆಲ್ಲ ಕೆಂಪು ಮಣ್ಣು. ಎಷ್ಟು ಒಗೆದರೂ ಅವನ ಬಟ್ಟೆಯ ಹೊಲಿಗೆಗಳಲ್ಲಿ ಅದು ಉಳಿದುಕೊಳ್ಳುತ್ತಿತ್ತು.

ನನಗೆ ಕೆಲಸ ಸಿಕ್ಕಿದ್ದು ಕಲ್ಲು ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ. ಗಣಿಯವರು ನೆಲ ಕೊರೆದು ತೆಗೆದ ಕಲ್ಲನ್ನು ಚೀಲಗಳಲ್ಲಿ ತುಂಬಿ ಕಳಿಸುತ್ತಿದ್ದರು. ನಾವು ಅದನ್ನು ಒಣಗಿಸಿ, ಪುಡಿ ಮಾಡಿ, ಪ್ಲಾಟಿನಂ ಬಟ್ಟಲಲ್ಲಿ ಕರಗಿಸಿ ಗಾಜಿನ ಬಿಲ್ಲೆ ಮಾಡಿ, ಯಂತ್ರಕ್ಕೆ ಕೊಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳಬೇಕು. ಮೈಸೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ, ನಂಜನಗೂಡಿನ ಔಷಧ ಕಾರ್ಖಾನೆಯಲ್ಲಿ ಮಾತ್ರೆಗಳನ್ನು ಪರೀಕ್ಷಿಸುತ್ತಿದ್ದವಳು ನಾನು. ಕಲ್ಲು ಹೊಸದು. ಅದಕ್ಕಿಂತ ಹೊಸದು ಅಲ್ಲಿಯ ಮೌನ. ಪುಡಿ ಮಾಡುವ ಯಂತ್ರಗಳ ಸದ್ದಿಗೆ ಎಲ್ಲರ ಕಿವಿಗೂ ಮುಚ್ಚಳ, ಧೂಳಿಗೆ ಎಲ್ಲರ ಮುಖಕ್ಕೂ ಮಾಸ್ಕು. ಪಕ್ಕದಲ್ಲಿ ನಿಂತವರ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಆ ಲ್ಯಾಬಿನ ಹಿಂಬದಿಯ ಒಂದು ಚಿಕ್ಕ ಕೋಣೆಯಲ್ಲಿ ಸ್ವೀಡನ್ನಿನ ಮುದುಕರೊಬ್ಬರು ವಾರದಲ್ಲಿ ಕೆಲವು ದಿನ ಬಂದು ಕೂರುತ್ತಿದ್ದರು. ರಸಾಯನಶಾಸ್ತ್ರಜ್ಞರು, ಖನಿಜಗಳ ತಜ್ಞರು. ನಮ್ಮ ಯಂತ್ರ ಹೇಳುವುದು ಕಲ್ಲಿನಲ್ಲಿ ಏನೇನಿದೆ ಅಂತ. ಆದರೆ ಅವೆಲ್ಲ ಯಾವ ಖನಿಜವಾಗಿ ಕೂಡಿಕೊಂಡಿವೆ ಅನ್ನುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳಬೇಕಿತ್ತು. ಅದು ಅವರ ಕೆಲಸ. ನಿವೃತ್ತರಾಗಿ ವರ್ಷಗಳಾಗಿದ್ದರೂ ಮ್ಯಾನೇಜರ್ ಅವರನ್ನು ಬಿಟ್ಟಿರಲಿಲ್ಲ. ಬಿಟ್ಟರೂ ಅವರು ಹೋಗುತ್ತಿದ್ದರೋ ಇಲ್ಲವೋ.

ಅವರ ಪರಿಚಯವಾದದ್ದು ಚಿತ್ರಾನ್ನದಿಂದ. ಟೀ ರೂಮಿನಲ್ಲಿ ನಾನು ಡಬ್ಬಿ ತೆಗೆದೆ. ಅವರು ಎದುರಿಗೆ ಕೂತು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದರು. ನನ್ನ ಅನ್ನವನ್ನು ಸ್ವಲ್ಪ ಹೊತ್ತು ನೋಡಿ, "ಅರಿಶಿನವಾ?" ಅಂತ ಕೇಳಿದರು.

"ಹೌದು."

ಅವರು ಎದ್ದು ಸಿಂಕಿನ ಕೆಳಗಿಂದ ಸೋಡಾ ಪುಡಿ ತಂದು, ನನ್ನ ಡಬ್ಬಿಯ ಮುಚ್ಚಳಕ್ಕೆ ಅಂಟಿದ್ದ ಹಳದಿಯ ಮೇಲೆ ಒಂದು ಚಿಟಿಕೆ ಹಾಕಿ, ಒಂದು ಹನಿ ನೀರು ಬಿಟ್ಟರು. ಹಳದಿ ಕೆಂಪಾಯಿತು. ಮುಖವೆತ್ತಿ ನನ್ನನ್ನು ನೋಡಿದರು. ಮಕ್ಕಳಿಗೆ ಜಾದೂ ತೋರಿಸಿದವರ ಹಾಗೆ.

"ನಮ್ಮ ಮನೆಯಲ್ಲಿ ಇದಕ್ಕೆ ಸುಣ್ಣ ಹಾಕ್ತಾರೆ," ಅಂದೆ. "ಅರಿಶಿನದ ನೀರಿಗೆ ಚಿಟಿಕೆ ಸುಣ್ಣ. ಕೆಂಪಾದ ಮೇಲೆ ತಟ್ಟೆಯಲ್ಲಿಟ್ಟು ಆರತಿ ಎತ್ತುತ್ತಾರೆ. ಮದುವೆಯಾಗಿ ಬಂದವರಿಗೆ, ಬಾಣಂತಿಗೆ, ದೂರದ ಊರಿನಿಂದ ಬಂದವರಿಗೆ."

"ದೂರದ ಊರಿನಿಂದ ಬಂದವರಿಗಾ?" ಅಂತ ಮತ್ತೆ ಕೇಳಿದರು. "ನಾನು ಬಂದಾಗ ನನಗೆ ಯಾರೂ ಎತ್ತಲಿಲ್ಲ." ನಕ್ಕರು. ನಾನೂ ನಕ್ಕೆ. ಆ ಊರಿನಲ್ಲಿ ನಾನು ಗಟ್ಟಿಯಾಗಿ ನಕ್ಕದ್ದು ಬಹುಶಃ ಅದೇ ಮೊದಲು.

ಮನೆಯಲ್ಲಿ ಗಂಡನಿಗೆ ಅವರ ವಿಷಯ ಹೇಳುವಾಗ ನಾನು 'ಮೇಷ್ಟ್ರು' ಅನ್ನುತ್ತಿದ್ದೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ, ನನ್ನ ತಂದೆಗಿಂತ ದೊಡ್ಡವರನ್ನು ಹಾಗೆ ಕರೆಯಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ. ಒಂದು ದಿನ ಅವರ ಎದುರಿಗೇ ಬಾಯಿತಪ್ಪಿ 'ಮೇಷ್ಟ್ರೇ' ಅಂದುಬಿಟ್ಟೆ. ಅರ್ಥ ಕೇಳಿದರು, ಹೇಳಿದೆ. "ನಿಜವಾಗಲೂ ಒಂದು ಕಾಲದಲ್ಲಿ ಆಗಿದ್ದೆ," ಅಂದರು.

ಅವರ ಬದುಕು ನನಗೆ ತಿಳಿದದ್ದು ಶುಕ್ರವಾರದ ಮಧ್ಯಾಹ್ನಗಳಲ್ಲಿ, ತುಂಡು ತುಂಡಾಗಿ. ಹುಟ್ಟಿದ್ದು ಸ್ವೀಡನ್ನಿನ ನಡುವಿನ ಒಂದು ಗಣಿ ಹಳ್ಳಿಯಲ್ಲಿ. ತಂದೆ ಗಣಿಯೊಳಗೆ ಜನರನ್ನು ಇಳಿಸುವ, ಅದಿರನ್ನು ಮೇಲೆತ್ತುವ ಲಿಫ್ಟನ್ನು ನಡೆಸುತ್ತಿದ್ದರು. ಮನೆಯ ಹಿಂದೆ ಗಣಿಯವರು ಬೇಡವೆಂದು ಸುರಿದ ಕಲ್ಲಿನ ಗುಡ್ಡೆ. ಹುಡುಗ ಶಾಲೆಯಿಂದ ಬಂದವನು ಅದರ ಮೇಲೇ ಇರುತ್ತಿದ್ದ. ಬೇರೆಲ್ಲೂ ಸಿಗದ ಖನಿಜಗಳು ಆ ಗುಡ್ಡೆಯಲ್ಲಿದ್ದವು ಅನ್ನುವುದು ಅವರಿಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ. "ಅಲ್ಲಿಯವರೆಗೆ ನಾನು ಪ್ರಪಂಚದ ಎಲ್ಲ ಮನೆಗಳ ಹಿಂದೆಯೂ ಅಂಥದ್ದು ಇರುತ್ತೆ ಅಂತ ತಿಳಿದಿದ್ದೆ," ಅನ್ನುತ್ತಿದ್ದರು.

ರಸಾಯನಶಾಸ್ತ್ರ ಓದಿ ಡಾಕ್ಟರೇಟ್ ಮುಗಿಸಿದಾಗ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಿಕ್ಕಲ್ ಸಿಕ್ಕಿ ಎಲ್ಲರೂ ಅಲ್ಲಿಗೆ ಓಡುತ್ತಿದ್ದ ಕಾಲ. ಕೆಲವು ವರ್ಷ ಇದ್ದು ವಾಪಸ್ ಬರುತ್ತೇನೆ ಅಂತ ತಾಯಿಗೆ ಹೇಳಿ ಬಂದರು. ಮರುಭೂಮಿಯಲ್ಲಿ ತಗಡಿನ ಶೆಡ್ಡಿನ ಲ್ಯಾಬು, ನೊಣ, ಬಿಯರು. ಆಮೇಲೆ ಅಡಿಲೇಡ್‌ನಲ್ಲಿ ಒಬ್ಬ ಶಾಲಾ ಶಿಕ್ಷಕಿಯನ್ನು ಮದುವೆಯಾಗಿ ಅಲ್ಲೇ ವಿಶ್ವವಿದ್ಯಾಲಯದಲ್ಲಿ ಪಾಠಕ್ಕೆ ಸೇರಿದರು. ಒಬ್ಬಳು ಮಗಳು ಹುಟ್ಟಿದಳು. ಖನಿಜಶಾಸ್ತ್ರ ಓದಲು ಬರುವವರು ಕಡಿಮೆಯಾಗುತ್ತಾ ಬಂದು, ವಿಭಾಗವನ್ನು ಇನ್ನೊಂದರ ಜೊತೆ ಸೇರಿಸಿ, ಕಡೆಗೆ ಇವರಿಗೆ ಕೆಲಸವಿಲ್ಲ ಅಂತಾಯಿತು. ಆಗ ಐವತ್ತು ದಾಟಿತ್ತು. ಕಲ್ಲಿನ ಕೆಲಸವಿದ್ದದ್ದು ಪರ್ತ್‌ನಲ್ಲಿ. ಹೆಂಡತಿ ಅಡಿಲೇಡ್ ಬಿಡಲಿಲ್ಲ, ಇವರು ಕಲ್ಲು ಬಿಡಲಿಲ್ಲ.

"ಜಗಳ ಆಯ್ತಾ?" ಅಂತ ಒಮ್ಮೆ ಕೇಳಿದ್ದೆ.

"ಇಲ್ಲ. ಆಗಬೇಕಿತ್ತು. ಜಗಳ ಆಗಿದ್ರೆ ಯಾರಾದರೂ ಒಬ್ಬರು ಸೋತು ಇನ್ನೊಬ್ಬರ ಹಿಂದೆ ಹೋಗ್ತಿದ್ವಿ."

ಹಬ್ಬಕ್ಕೆ, ರಜೆಗೆ ಹೋಗಿಬಂದು ಮಾಡುತ್ತಿದ್ದದ್ದು ನಿಧಾನಕ್ಕೆ ಕಡಿಮೆಯಾಯಿತು. ಹೆಂಡತಿ ತೀರಿಕೊಂಡರು. ಮಗಳು ಬ್ರಿಸ್ಬೇನ್‌ನ ನಾರ್ತ್ ಲೇಕ್ಸ್‌ನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ವರ್ಷಕ್ಕೊಂದೆರಡು ಸಲ ಫೋನು.

ಈ ಎಲ್ಲ ವರ್ಷಗಳಲ್ಲೂ ಅವರ ಜೊತೆಗಿದ್ದದ್ದು ಒಂದು ಖನಿಜ. ಪಾಠ ಮಾಡುತ್ತಿದ್ದ ಕಾಲದಲ್ಲಿ ದಕ್ಷಿಣ ಆಸ್ಟ್ರೇಲಿಯಾದ, ಮುಚ್ಚಿಹೋದ ಒಂದು ತಾಮ್ರದ ಗಣಿಯಿಂದ ತಂದ ಕಲ್ಲಿನಲ್ಲಿ ಜೇನಿನ ಬಣ್ಣದ ಕಾಳುಗಳು ಅವರ ಕಣ್ಣಿಗೆ ಬಿದ್ದಿದ್ದವು. ಸಾಸಿವೆಗಿಂತ ಸಣ್ಣವು. ಯಾವ ಪುಸ್ತಕದಲ್ಲೂ ಇಲ್ಲದ ಖನಿಜ ಅಂತ ಅವರಿಗೆ ಅನ್ನಿಸಿತ್ತು. ಹೊಸ ಖನಿಜ ಅಂತ ಒಪ್ಪಿಸಲು ಅದರ ಒಳಗೆ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಅಂತ ತೋರಿಸಬೇಕು. ಅದಕ್ಕೆ ಬೇಕಾದಷ್ಟು ಚೊಕ್ಕವಾದ ಒಂದು ಹರಳು ಅವರಿಗೆ ಆಗ ಸಿಕ್ಕಿರಲಿಲ್ಲ. ಒಮ್ಮೆ ಪರಿಶೀಲನೆಗೆ ಕಳಿಸಿದ್ದು, ಸಾಲದು ಅಂತ ವಾಪಸ್ ಬಂದಿತ್ತು.

"ಈಗ ಯಂತ್ರಗಳು ಚೆನ್ನಾಗಿವೆ. ಆದ್ರೆ ನನ್ನ ಕೈ ನಡುಗುತ್ತೆ," ಅಂದರು. "ನಿನ್ನ ಕೈ ನಡುಗಲ್ಲ."

ಮ್ಯಾನೇಜರ್ ಒಪ್ಪಿದರು. ಶುಕ್ರವಾರ ಪಾಳಿ ಮುಗಿದ ಮೇಲೆ, ಮಗಳನ್ನು ಕರೆದುಕೊಳ್ಳುವ ಹೊತ್ತಿನವರೆಗೆ ನಾನು ಅವರ ಕೋಣೆಯಲ್ಲಿ ಕೂರುತ್ತಿದ್ದೆ. ಸೂಕ್ಷ್ಮದರ್ಶಕದ ಕೆಳಗೆ, ಸೂಜಿಯ ತುದಿಯಿಂದ ಕಲ್ಲನ್ನು ಕೆದಕಿ ಜೇನಿನ ಬಣ್ಣದ ಕಾಳನ್ನು ಬಿಡಿಸಬೇಕು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ನಾನು ಕೆದಕುತ್ತಿರುವಷ್ಟು ಹೊತ್ತು ಅವರು ಪಕ್ಕದಲ್ಲಿ ಕೂತು ಏನೂ ಮಾತಾಡುತ್ತಿರಲಿಲ್ಲ. ಆ ಮೌನ ಲ್ಯಾಬಿನ ಮೌನದ ಹಾಗಿರಲಿಲ್ಲ. ಮೈಸೂರಿನಲ್ಲಿ ಅಜ್ಜಿ ಹೂ ಕಟ್ಟುವಾಗ ನಾನು ಪಕ್ಕದಲ್ಲಿ ಕೂತಿರುತ್ತಿದ್ದೆನಲ್ಲ, ಅಂಥದ್ದು.

ಎಷ್ಟೋ ವಾರಗಳ ಮೇಲೆ ಒಂದು ಒಳ್ಳೆಯ ಹರಳು ಬಂತು. ಅದನ್ನು ಅವರ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಯೋಗಾಲಯಕ್ಕೆ ಕಳಿಸಿದೆವು. ಉತ್ತರ ಬಂದ ದಿನ ನಾನು ಕೋಣೆಗೆ ಹೋದಾಗ ಮೇಷ್ಟ್ರು ಕಂಪ್ಯೂಟರಿನ ಮುಂದೆ ಕೂತಿದ್ದರು.

"ನೋಡು," ಅಂದರು.

ಅದು ಹೊಸದಾಗಿರಲಿಲ್ಲ. ಕೆಲವೇ ವರ್ಷಗಳ ಹಿಂದೆ ದಕ್ಷಿಣ ಅಮೆರಿಕದ ಒಂದು ಗಣಿಯಲ್ಲಿ ಅದೇ ಖನಿಜ ಬೇರೆಯವರಿಗೆ ಸಿಕ್ಕಿ, ಒಪ್ಪಿಗೆಯಾಗಿ, ಅದಕ್ಕೆ ಹೆಸರೂ ಇಟ್ಟಾಗಿತ್ತು. ನಮ್ಮ ಹರಳು ಅದರ ಜೊತೆ ಪೂರ್ತಿ ಹೊಂದುತ್ತಿತ್ತು.

"ಮೇಷ್ಟ್ರೇ, ಮೊದಲು ನೋಡಿದ್ದು ನೀವೇ ಅಲ್ವಾ?" ಅಂದೆ.

"ನೋಡಿದ್ದು ಲೆಕ್ಕಕ್ಕಿಲ್ಲ. ತೋರಿಸಬೇಕು." ಕಂಪ್ಯೂಟರ್ ಆರಿಸುತ್ತಾ, "ನಾನು ಕಲ್ಪಿಸಿಕೊಂಡದ್ದಲ್ಲ ಅಂತಂತೂ ಆಯ್ತು. ಅದು ಇದೆ. ಇನ್ನೊಬ್ಬರಿಗೂ ಕಂಡಿದೆ," ಅಂದರು. ಎದ್ದು ತಮ್ಮ ಕಪ್ಪು ತೊಳೆದಿಟ್ಟು, ಟೋಪಿ ಹಾಕಿಕೊಂಡು ಹೊರಟರು.

ಮಗಳನ್ನು ಕರೆತರಲು ನಾನು ಹೋಗುವಾಗ ಅವರು ರಸ್ತೆಯ ಆಚೆ ಬಸ್ ಸ್ಟಾಪಿನಲ್ಲಿ ಕೂತಿದ್ದರು. ಅವರ ಬಸ್ಸು ಬಂತು, ನಿಂತಿತು, ಹೋಯಿತು. ಅವರು ಏಳಲಿಲ್ಲ. ನಾನು ದಾಟಿ ಹೋಗಿ ಪಕ್ಕದಲ್ಲಿ ಕೂತೆ. ಮುಂದಿನ ಬಸ್ಸು ಬರುವ ತನಕ ಇಬ್ಬರೂ ಕೂತಿದ್ದೆವು. ಹತ್ತುವಾಗ ನನ್ನ ಭುಜ ತಟ್ಟಿದರು, ಅಷ್ಟೆ.

ಅದಾದ ಮುಂದಿನ ಬೇಸಿಗೆಯಲ್ಲಿ ಗಂಡನಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. ಇನ್ನು ಗಣಿಗೆ ಹೋಗಬೇಕಿಲ್ಲ, ದಿನಾ ಮನೆಗೆ ಬರಬಹುದು. ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ ಮಾಡಿದೆವು. ಬೀದಿಯಲ್ಲಿ ಅರ್ಧ ನಮ್ಮ ಕಡೆಯವರೇ. ಮನೆಯ ಮುಂದೆ ತುಳಸಿ, ಹಿತ್ತಲಲ್ಲಿ ಕರಿಬೇವು, ವಾರದ ಕೊನೆಯಲ್ಲಿ ಯಾರದಾದರೂ ಮನೆಯಲ್ಲಿ ಬಿಸಿಬೇಳೆಬಾತ್ ಇಲ್ಲಾ ಬಾರ್ಬೆಕ್ಯೂ. ನನ್ನ ಒಂಟಿತನ ಇನ್ನು ಮುಗಿಯಿತು ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಆದರೆ ಆ ಮಾತುಗಳೆಲ್ಲ ಮನೆಯ ಬೆಲೆ, ಶಾಲೆಯ ರ‍್ಯಾಂಕು, ಯಾರು ಯಾವ ಕಾರು ತಗೊಂಡರು. ಕನ್ನಡದಲ್ಲೇ ಮಾತಾಡುತ್ತಿದ್ದೆವು, ಆದರೂ ನನಗೆ ಹೇಳಬೇಕಾದದ್ದು ಯಾವುದೂ ಅಲ್ಲಿ ಬಾಯಿಗೆ ಬರುತ್ತಿರಲಿಲ್ಲ. ಗಂಡ ದಿನಾ ಮನೆಗೆ ಬರುತ್ತಿದ್ದ. ಅಷ್ಟು ವರ್ಷ ವಾರಗಟ್ಟಲೆ ದೂರವಿದ್ದು ನಾವಿಬ್ಬರೂ ದಿನಾ ಮಾತಾಡುವ ಅಭ್ಯಾಸವನ್ನೇ ಕಳೆದುಕೊಂಡಿದ್ದೆವು.

ಮೇಷ್ಟ್ರಿಗೆ ಭಾನುವಾರ ಫೋನ್ ಮಾಡುತ್ತಿದ್ದೆ. ಲ್ಯಾಬಿಗೆ ಹೋಗುವುದನ್ನು ನಿಲ್ಲಿಸಿದ್ದರು. ಮಾತಿನ ನಡುವೆ ಒಂದೊಂದು ಸ್ವೀಡಿಷ್ ಪದ ನುಸುಳತೊಡಗಿತು. ಮೊದಮೊದಲು ಅವರೇ ಗಮನಿಸಿ ನಗುತ್ತಿದ್ದರು. ಆಮೇಲೆ ಗಮನಿಸುತ್ತಿರಲಿಲ್ಲ. ಒಂದು ಭಾನುವಾರ ಫೋನ್ ಯಾರೂ ಎತ್ತಲಿಲ್ಲ. ಮರುದಿನ ನನ್ನ ನಂಬರಿಗೆ ಕರೆ ಬಂತು, ಅವರ ಮಗಳದು. ಮೇಷ್ಟ್ರಿಗೆ ಸ್ಟ್ರೋಕ್ ಆಗಿತ್ತು. ಅವಳು ಪರ್ತ್‌ನ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು.

"ಅಪ್ಪನ ಫೋನಿನಲ್ಲಿ ಹೆಚ್ಚು ಸಲ ಬಂದಿರೋದು ನಿಮ್ಮ ನಂಬರೇ," ಅಂದಳು. "ಒಂದು ವಿಷಯ ಕೇಳಬೇಕು. ನಿಮಗೆ ಸ್ವೀಡಿಷ್ ಬರುತ್ತಾ?"

"ಇಲ್ಲ."

"ನನಗೂ ಬರಲ್ಲ. ಅಪ್ಪ ಈಗ ಅದೊಂದನ್ನೇ ಮಾತಾಡ್ತಿದ್ದಾರೆ."

ಡಾಕ್ಟರು ಅವಳಿಗೆ ವಿವರಿಸಿದ್ದರಂತೆ. ಮೆದುಳಿಗೆ ಪೆಟ್ಟಾದಾಗ ಕೆಲವರಿಗೆ ಆಮೇಲೆ ಕಲಿತ ಭಾಷೆ ಹೋಗಿ, ತಾಯಿಯ ಭಾಷೆ ಮಾತ್ರ ಉಳಿಯುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಇವರಿಗೆ ಆಗಿದೆ. ಬದುಕಿನ ಬಹುಪಾಲು ಮಾತಾಡಿದ, ಪಾಠ ಹೇಳಿದ, ಹೆಂಡತಿ ಮಗಳ ಜೊತೆ ಸಂಸಾರ ಮಾಡಿದ ಇಂಗ್ಲಿಷ್ ಹೊರಟುಹೋಗಿತ್ತು.

ಮಗಳು ಅವರನ್ನು ನಾರ್ತ್ ಲೇಕ್ಸ್‌ನ ತನ್ನ ಮನೆಗೆ ಹತ್ತಿರದ ಒಂದು ವೃದ್ಧರ ಆರೈಕೆ ಮನೆಗೆ ಕರೆತಂದಳು. ನಾನಾಗ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಗುರುವಾರ ಅರ್ಧ ದಿನ ಬಿಡುವು ಮಾಡಿಕೊಂಡೆ. ನಾವಿದ್ದದ್ದು ಊರಿನ ದಕ್ಷಿಣದ ತುದಿಯಾಚೆ, ಅವರಿದ್ದದ್ದು ಉತ್ತರದ ತುದಿಯಲ್ಲಿ. ರೈಲು ಊರಿಡೀ ಹಾದು ಹೋಗಬೇಕು.

ಮೊದಲ ಸಲ ಹೋದಾಗ ಅವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಒಂದು ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನನ್ನನ್ನು ಗುರುತಿಸಿದರು, ಅದರಲ್ಲಿ ಅನುಮಾನವಿರಲಿಲ್ಲ. ಕಣ್ಣು ಅರಳಿತು. ತುಂಬ ಹೊತ್ತು ಏನೇನೋ ಹೇಳಿದರು. ನಡುನಡುವೆ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು, ಪ್ರಶ್ನೆಯ ಹಾಗೆ: "ಬೇರ್ ಈಸೆನ್?" ನನಗೆ ಅದು 'ಬೇರು' ಅಂತ ಕೇಳಿಸುತ್ತಿತ್ತು. ಯಾವ ಬೇರು, ಎಲ್ಲಿಯ ಬೇರು? ಅರ್ಥವಾಗುವುದಿಲ್ಲ ಅಂತ ತಲೆಯಾಡಿಸಿದೆ. ಅವರು ಮತ್ತೆ ಕೇಳಿದರು. ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ. ಗಾಳಿಯ ಸದ್ದು ಕೇಳಿದವರ ಹಾಗೆ ಸುಮ್ಮನೆ ನೋಡಿದರು.

ಇಂಗ್ಲಿಷ್ ಅವರಿಗೆ ಮುಟ್ಟದಿದ್ದ ಮೇಲೆ ನಾನು ಯಾಕೆ ಅದನ್ನು ಮಾತಾಡಬೇಕು ಅನ್ನಿಸಿತು. "ಮೇಷ್ಟ್ರೇ," ಅಂದೆ, "ರೈಲಲ್ಲಿ ಬಂದೆ. ಎಸಿ ಜಾಸ್ತಿ ಇತ್ತು, ಕೈಕಾಲೆಲ್ಲ ಮರಗಟ್ಟಿ ಹೋಯ್ತು." ಕನ್ನಡದಲ್ಲಿ. ಅವರು ತಲೆಯಾಡಿಸಿದರು. ಸ್ವೀಡಿಷ್‌ನಲ್ಲಿ ಏನೋ ಉತ್ತರ ಕೊಟ್ಟರು. ನಾನು ತಲೆಯಾಡಿಸಿದೆ.

ಆ ಗುರುವಾರಗಳು ಹಾಗೆ ಶುರುವಾದವು. ಅವರು ಅವರದನ್ನು ಹೇಳುತ್ತಿದ್ದರು, ನಾನು ನನ್ನದನ್ನು. ಗಂಡನ ಜೊತೆ ಮಾತು ನಿಂತುಹೋದದ್ದು, ಅಮ್ಮ ತೀರಿಕೊಂಡಾಗ ವೀಸಾದ ತೊಡಕಿನಿಂದ ಊರಿಗೆ ಹೋಗಲಾಗದೆ ಫೋನಿನಲ್ಲೇ ಎಲ್ಲವನ್ನೂ ನೋಡಿದ್ದು, ಇಲ್ಲಿ ನಾನು ಯಾರು ಅಂತ ನನಗೇ ಸಂದೇಹ ಬರುವುದು. ಯಾರಿಗೂ ಹೇಳದ ಮಾತುಗಳನ್ನು ಆ ಕುರ್ಚಿಯ ಮುಂದೆ ಹೇಳಿದೆ. ನರ್ಸ್ ಒಬ್ಬಳು ಬಾಗಿಲಲ್ಲಿ ನಿಂತು, "ನೀವಿಬ್ಬರೂ ಒಂದೇ ಭಾಷೆಯವರಾ?" ಅಂತ ಕೇಳಿದ್ದಳು. ಹೌದು ಅಂದುಬಿಟ್ಟೆ.

ಮನೆಯಲ್ಲಿ ಮಾತ್ರ ಒಂದು ಭಯ ಹಿಡಿದುಕೊಂಡಿತು. ಒಂದು ಸಂಜೆ ಮಗಳ ತಲೆ ಬಾಚುತ್ತಾ, "ನಂಗೂ ಮುಂದೆ ಹೀಗೇ ಆಗ್ಬಿಟ್ರೆ, ಬರೀ ಕನ್ನಡ ಉಳಿದ್ರೆ ಏನ್ ಮಾಡ್ತೀಯ?" ಅಂತ ಕೇಳಿದೆ.

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿ, "ಐ ಅಂಡರ್‌ಸ್ಟ್ಯಾಂಡ್ ಎವೆರಿಥಿಂಗ್ ಯೂ ಸೇ, ಅಮ್ಮ," ಅಂದಳು.

"ಅರ್ಥ ಆಗತ್ತೆ, ಗೊತ್ತು. ವಾಪಸ್ ಏನ್ ಹೇಳ್ತೀಯ?"

ಅವಳು ರಬ್ಬರ್ ಬ್ಯಾಂಡನ್ನು ನನ್ನ ಕೈಗಿಟ್ಟಳು. ಜಡೆ ಮುಗಿದ ಮೇಲೆ ಎದ್ದು ಹೋದಳು.

ಚಳಿಗಾಲ ಶುರುವಾಗುವ ಮೊದಲು ಮೇಷ್ಟ್ರ ಮಗಳು ಅಡಿಲೇಡ್‌ನ ತಾಯಿಯ ಮನೆಯನ್ನು ಮಾರಲು ತೀರ್ಮಾನಿಸಿದಳು. ಹಿತ್ತಲ ಶೆಡ್ಡಿನಲ್ಲಿ ಅಪ್ಪನ ಕಲ್ಲುಗಳಿದ್ದವು. "ನನಗೆ ಅದರಲ್ಲಿ ಯಾವುದು ಕಲ್ಲು, ಯಾವುದು ಬರೀ ಕಲ್ಲು ಅಂತ ತಿಳಿಯಲ್ಲ. ನನ್ನ ಜೊತೆ ಬರ್ತೀರಾ?" ಅಂತ ಕೇಳಿದಳು. ಶುಕ್ರವಾರ ಇಬ್ಬರೂ ವಿಮಾನ ಹತ್ತಿದೆವು.

ತಗಡಿನ ಶೆಡ್ಡು. ಒಳಗೆ ಗೋಡೆಯಿಂದ ಗೋಡೆಗೆ ಹಲಗೆಗಳು, ಹಲಗೆಗಳ ಮೇಲೆ ಮೊಟ್ಟೆಯ ರಟ್ಟಿನ ತಟ್ಟೆಗಳು. ಮೊಟ್ಟೆಯಿರಬೇಕಾದ ಪ್ರತಿ ಗುಳಿಯಲ್ಲೂ ಒಂದು ಕಲ್ಲು, ಕಲ್ಲಿನ ಕೆಳಗೆ ಒಂದು ಚೀಟಿ. ಚೀಟಿಗಳೆಲ್ಲ ಸ್ವೀಡಿಷ್‌ನಲ್ಲಿದ್ದವು. ಆದರೆ ಪ್ರತಿಯೊಂದರಲ್ಲೂ ರಾಸಾಯನಿಕ ಸೂತ್ರವಿತ್ತು. ಅದು ನನಗೆ ಓದಲು ಬರುತ್ತಿತ್ತು. ನಾನು ಸೂತ್ರ ನೋಡಿ ಹೇಳುತ್ತಿದ್ದೆ: ಇದು ತಾಮ್ರದ್ದು, ಇದರಲ್ಲಿ ಸೀಸ ಇದೆ, ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಬೇಕು, ಇದು ಮ್ಯಾಂಗನೀಸ್, ಬಹುಶಃ ಅವರ ಊರಿನದೇ. ಅವಳು ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕುತ್ತಿದ್ದಳು.

ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುವಾಗ ಅವಳು ಹೇಳಿದಳು: "ಚಿಕ್ಕವಳಿದ್ದಾಗ ಅಪ್ಪ ನನಗೆ ಸ್ವೀಡಿಷ್ ಕಲಿಸೋಕೆ ನೋಡಿದ್ರು. ಶಾಲೆಯಲ್ಲಿ ಮಕ್ಕಳು ನಕ್ಕರು ಅಂತ ನಾನೇ ಬೇಡ ಅಂದೆ. ಅವರು ಬಲವಂತ ಮಾಡಲಿಲ್ಲ. ಯಾವುದಕ್ಕೂ ಬಲವಂತ ಮಾಡೋ ಮನುಷ್ಯ ಅಲ್ಲ." ಸ್ಯಾಂಡ್‌ವಿಚ್ಚಿನ ಕಾಗದ ಮಡಚುತ್ತಾ, "ಪರ್ತ್‌ಗೆ ಹೊರಟಾಗಲೂ ನಮ್ಮನ್ನ ಬಾ ಅಂತ ಒತ್ತಾಯ ಮಾಡಲಿಲ್ಲ. ಅಮ್ಮ ಅದಕ್ಕೇ ಹೋಗಲಿಲ್ಲ ಅನ್ಸುತ್ತೆ," ಅಂದಳು.

ಇಬ್ಬರೂ ಕೈ ತೊಳೆದುಕೊಂಡು ಮತ್ತೆ ಶೆಡ್ಡಿಗೆ ಹೋದೆವು. ಕಲ್ಲುಗಳನ್ನು ಅಲ್ಲಿಯ ಒಂದು ವಸ್ತುಸಂಗ್ರಹಾಲಯದವರು ಬಂದು ತೆಗೆದುಕೊಂಡು ಹೋದರು. ಅಲ್ಲಿಂದ ಬಂದವನು ಒಂದು ತಟ್ಟೆಯ ಮುಂದೆ ಬಗ್ಗಿ ತುಂಬ ಹೊತ್ತು ನಿಂತಿದ್ದ. ಅವಳು ಅದನ್ನು ಫೋಟೋ ತೆಗೆದುಕೊಂಡಳು, ಅಪ್ಪನಿಗೆ ತೋರಿಸಲು.

ವಾಪಸ್ ಬರುವ ವಿಮಾನದಲ್ಲಿ ನಾನು ಅವಳಿಗೆ, ಬ್ರಿಸ್ಬೇನ್‌ನಲ್ಲಿ ಸ್ವೀಡಿಷ್ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ, ಹುಡುಕೋಣ ಅಂದೆ. ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಅವಳು ಅಲ್ಲಿ ಇಲ್ಲಿ ವಿಚಾರಿಸಿದಳು. ಊರಿನ ರನ್‌ಕಾರ್ನ್ ಬಡಾವಣೆಯಲ್ಲಿ ಒಬ್ಬ ವಿಧವೆ ಇದ್ದರು. ಎಂಬತ್ತರ ಹತ್ತಿರದ ಹೆಂಗಸು, ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಗಂಡನ ಜೊತೆ ಯಾವಾಗಲೋ ಬಂದು ಇಲ್ಲೇ ಉಳಿದವರು. ಬರುತ್ತೇನೆ ಅಂದರು. ಅಷ್ಟು ದೂರ ಕಾರು ಓಡಿಸುವ ಧೈರ್ಯ ಅವರಿಗಿರಲಿಲ್ಲ, ನಾನೇ ಗುರುವಾರ ಕಾರಿನಲ್ಲಿ ಹೋಗಿ ಅವರನ್ನು ಕರೆತಂದೆ. ನನ್ನ ಮಗಳ ಬಾಯಲ್ಲಿ ಅವರು ಆಮೇಲೆ ರನ್‌ಕಾರ್ನ್ ಆಂಟಿ ಆದರು, ನಾನೂ ಹಾಗೇ ಅನ್ನುತ್ತೇನೆ.

ಆಂಟಿ ಕೋಣೆಗೆ ಹೋಗಿ ಕೈಚೀಲವನ್ನು ಮಂಚದ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಎದುರಿಗೆ ಕೂತು ಏನೋ ಹೇಳಿದರು. ಮೇಷ್ಟ್ರು ಅಲ್ಲಾಡಲಿಲ್ಲ. ಆಮೇಲೆ ಮುಂದಕ್ಕೆ ಬಾಗಿ, ಅದೇ ಮಾತನ್ನು ಕೇಳಿದರು: "ಬೇರ್ ಈಸೆನ್?"

ಆಂಟಿ ತಕ್ಷಣ ಉತ್ತರ ಕೊಟ್ಟರು. "ಯಾ, ಡೆನ್ ಬೇರ್."

ಮೇಷ್ಟ್ರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಇಷ್ಟು ತಿಂಗಳಲ್ಲಿ ಅವರ ಭುಜಗಳು ಹಾಗೆ ಸಡಿಲವಾದದ್ದನ್ನು ನಾನು ನೋಡಿರಲಿಲ್ಲ.

"ಏನು ಕೇಳಿದ್ರು?" ಬಾಗಿಲ ಬಳಿ ನಿಂತಿದ್ದ ಮೇಷ್ಟ್ರ ಮಗಳು ಕೇಳಿದಳು.

"ಕೆರೆಯ ಮೇಲೆ ಮಂಜುಗಡ್ಡೆ ಗಟ್ಟಿಯಾಗಿದೆಯಾ, ನಮ್ಮ ಭಾರ ತಡೆಯುತ್ತಾ ಅಂತ," ಅಂದರು ಆಂಟಿ. "ಚಳಿಗಾಲದ ಶುರುವಿನಲ್ಲಿ ನಮ್ಮಲ್ಲಿ ಮಕ್ಕಳೆಲ್ಲ ಕೇಳುವ ಮಾತು. ದೊಡ್ಡವರು ಹೂಂ ಅನ್ನುವ ತನಕ ಕಾಲಿಡುವ ಹಾಗಿಲ್ಲ. ತಡೆಯುತ್ತೆ, ಹೋಗು ಅಂದೆ."

ಮಗಳು ಗೋಡೆಗೆ ತಿರುಗಿ ನಿಂತಳು. ಆಮೇಲೆ ಬಂದು ಅಪ್ಪನ ಮುಂದೆ ಮಂಡಿಯೂರಿ, ಆಂಟಿಯಿಂದ ಆ ಮೂರು ಪದಗಳನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಕಲಿತಳು. ಅಂದಿನಿಂದ ಅವರು ಕೇಳಿದಾಗಲೆಲ್ಲ ಅವಳೇ ಹೇಳುತ್ತಿದ್ದಳು. ಅವಳ ಉಚ್ಚಾರಣೆ ಕೇಳಿ ಮೇಷ್ಟ್ರು ನಗುತ್ತಿದ್ದರು. ಇನ್ನಷ್ಟು ಮಾತುಗಳನ್ನೂ ಕಲಿತಳು: ನೀರು ಬೇಕಾ, ಚಳಿಯಾ, ನಾನು ನಾಳೆ ಬರ್ತೀನಿ.

ಇಲ್ಲಿ ನಾನು ಸಂತೋಷಪಟ್ಟೆ ಅಂತ ಬರೆಯಬೇಕು. ಪಟ್ಟೆ, ನಿಜ. ಆದರೆ ಆಮೇಲಿನ ಗುರುವಾರಗಳಲ್ಲಿ ಮೇಷ್ಟ್ರು ಮತ್ತು ಆಂಟಿ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಯಾವುದೋ ತಿಂಡಿಯ ಬಗ್ಗೆ, ಯಾವುದೋ ಹಾಡಿನ ಬಗ್ಗೆ ಇರಬೇಕು, ಇಬ್ಬರೂ ನಗುತ್ತಿದ್ದರು. ಆಂಟಿ ಪಾಪ ನಡುನಡುವೆ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಅಷ್ಟು ಹೊತ್ತಿಗೆ ಅವರಿಬ್ಬರೂ ಮುಂದಿನ ಮಾತಿಗೆ ಹೋಗಿರುತ್ತಿದ್ದರು. ನಾನು ಕಿಟಕಿಯ ಬಳಿ ನಿಂತಿರುತ್ತಿದ್ದೆ. ಮೇಷ್ಟ್ರಿಗೆ ಈಗ ನಿಜವಾದ ಉತ್ತರಗಳು ಸಿಗುತ್ತಿದ್ದವು. ನಾನು ಕನ್ನಡದಲ್ಲಿ ಹೇಳಿಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ಆಂಟಿಯನ್ನು ರನ್‌ಕಾರ್ನ್‌ಗೆ ಬಿಟ್ಟು, ಒಬ್ಬಳೇ ಮನೆಗೆ ಹೋಗುವ ದಾರಿಯಲ್ಲಿ ಬಂಕಿನಲ್ಲಿ ಪೆಟ್ರೋಲ್ ಹಾಕಿಕೊಳ್ಳಲು ನಿಲ್ಲಿಸಿ, ಹಾಕಿಕೊಳ್ಳದೆ ಕಾರಿನೊಳಗೇ ಕೂತು ಅತ್ತದ್ದುಂಟು. ಪರ್ತ್‌ನಲ್ಲಿ ಕೂಡ ನನಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಆದರೂ ಹೋಗುವುದನ್ನು ಬಿಡಲಿಲ್ಲ. ಒಂದು ಗುರುವಾರ ಆಂಟಿಗೆ ಶೀತವಾಗಿ ಬರಲಿಲ್ಲ. ನಾನು ಎದುರಿಗೆ ಕೂತು ಏನು ಮಾತಾಡಲಿ ಅಂತ ತಿಳಿಯದೆ ಸುಮ್ಮನಿದ್ದೆ. ಮೇಷ್ಟ್ರು ನನ್ನ ಮುಖ ನೋಡಿದರು, ಕಾದರು. ಆಮೇಲೆ ಚೆನ್ನಾಗಿದ್ದ ಕೈಯನ್ನು ಎತ್ತಿ, ಮಾತಾಡು ಅನ್ನುವ ಹಾಗೆ ಬೆರಳಾಡಿಸಿದರು. ನಾನು ಮಾತಾಡಿದೆ. ಊಟದ ತಟ್ಟೆ ಬರುವ ತನಕ ಮಾತಾಡಿದೆ.

ಅವರು ತೀರಿಕೊಂಡದ್ದು ಆ ಚಳಿಗಾಲದ ಒಂದು ಬೆಳಿಗ್ಗೆ, ನಿದ್ದೆಯಲ್ಲಿ. ಮಗಳು ಫೋನ್ ಮಾಡಿದಾಗ ನಾನು ಲ್ಯಾಬಿನಲ್ಲಿ ನೀರಿನ ಬಾಟಲಿಗಳನ್ನು ಜೋಡಿಸುತ್ತಿದ್ದೆ. ಹಿಂದಿನ ಸಂಜೆ ಅವಳೇ ಹೊದಿಕೆ ಹೊದಿಸಿ ಬಂದಿದ್ದಳಂತೆ. "ನಾಳೆ ಬರ್ತೀನಿ ಅಂತ ಸ್ವೀಡಿಷ್‌ನಲ್ಲಿ ಹೇಳಿದ್ದೆ. ಸರಿ ಅಂದಿದ್ರು," ಅಂದಳು.

ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನ. ಅವರ ಕೆಲಸದ ಬಗ್ಗೆ ಹೇಳಲು ಮಗಳು ನನ್ನನ್ನು ಕೇಳಿದಳು. ಅವರು ಯಾವ ಖನಿಜವನ್ನೂ ಕಂಡುಹಿಡಿಯಲಿಲ್ಲ ಅಂತ ಹೇಳುವುದಾ, ಒಂದನ್ನು ಎಲ್ಲರಿಗಿಂತ ಮೊದಲು ನೋಡಿದ್ದರು ಅಂತ ಹೇಳುವುದಾ ಅಂತ ತುಂಬ ಯೋಚಿಸಿ, ಎರಡನ್ನೂ ಹೇಳಿದೆ. ನನ್ನ ಗಂಡ ರಜೆ ಹಾಕಿ ಬಂದಿದ್ದ. ವಾಪಸ್ ಬರುವಾಗ ಕಾರಿನಲ್ಲಿ, "ಇಷ್ಟೆಲ್ಲ ಆಗಿದ್ದು ನಂಗೆ ಗೊತ್ತೇ ಇರಲಿಲ್ಲ. ಯಾಕೆ ಹೇಳ್ಲಿಲ್ಲ?" ಅಂತ ಕೇಳಿದ.

"ನೀನು ಕೇಳ್ಲಿಲ್ಲ," ಅಂದೆ.

"ಈಗ ಕೇಳ್ತಿದೀನಿ."

ಮನೆ ತಲುಪುವ ತನಕ ಹೇಳಿದೆ. ಎಲ್ಲವನ್ನೂ ಅಲ್ಲ.

ಗುರುವಾರದ ಅರ್ಧ ದಿನದ ಬಿಡುವು ಹಾಗೇ ಉಳಿದಿತ್ತು. ಬಿಟ್ಟುಕೊಡುತ್ತೇನೆ ಅಂತ ಮ್ಯಾನೇಜರಿಗೆ ಹೇಳಬೇಕು ಅಂದುಕೊಂಡು ವಾರಗಳು ಕಳೆದವು. ಒಂದು ಬುಧವಾರ ರನ್‌ಕಾರ್ನ್ ಆಂಟಿ ಫೋನ್ ಮಾಡಿ, ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಹನಿ ಹಾಕಿದ ಮೇಲೆ ಕಾರು ಓಡಿಸುವ ಹಾಗಿಲ್ಲ, ನಿನಗೆ ಬಿಡುವಿದೆಯಾ ಅಂತ ಕೇಳಿದರು. ಇದೆ ಅಂದೆ.

ಡಾಕ್ಟರ ಹತ್ತಿರದಿಂದ ಹೊರಬಂದಾಗ ಅವರಿಗೆ ಬಿಸಿಲು ಚುಚ್ಚುತ್ತಿತ್ತು. ಕಣ್ಣು ಕಿರಿದು ಮಾಡಿ ನನ್ನ ತೋಳು ಹಿಡಿದುಕೊಂಡರು. ಪಾರ್ಕಿಂಗಿನ ತುದಿಯಲ್ಲಿ ನಿಲ್ಲಿಸಿದ್ದ ಕಾರಿನ ತನಕ ನಿಧಾನಕ್ಕೆ ನಡೆದೆವು. "ಹಸಿವಾಗಿದೆ. ನಮ್ಮ ಮನೆಯ ಹತ್ತಿರ ನೂಡಲ್ಸ್ ಚೆನ್ನಾಗಿ ಮಾಡ್ತಾರೆ. ನೀನು ಮಾಂಸ ತಿನ್ನಲ್ಲ ಅಲ್ವಾ, ಅವರಿಗೆ ನಾನು ಹೇಳ್ತೀನಿ," ಅಂದರು. ನಾನು ಬಾಗಿಲು ತೆಗೆದು ಅವರನ್ನು ಕೂರಿಸಿ, ಸೀಟ್ ಬೆಲ್ಟ್ ಸಿಕ್ಕಿಸಿದೆ.